ಕತ್ತಿಗೆ ಚಿಕಿತ್ಸೆ ಮಾಡಿಸಿದರೆ ಹಳೇ ತಲೆನೋವು ಹೋಗುತ್ತಾ?

ಪ್ರಶ್ನೆ: ಮೂರು ವರ್ಷದಿಂದ ತಲೆನೋವು. ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ಫಿಸಿಯೋಥೆರಪಿಸ್ಟ್ ಹತ್ತಿರ ಕತ್ತು ಒತ್ತಿಸಿಕೊಂಡರೆ ವಾಸಿಯಾಗುತ್ತಾ?

ಉತ್ತರ: ನೋವು ಕತ್ತಿನಿಂದಲೇ ಹುಟ್ಟುತ್ತಿದ್ದರೆ ಕಡಿಮೆಯಾಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಮೈಗ್ರೇನ್ ಆಗಿದ್ದರೆ ಬರೀ ಕತ್ತನ್ನು ನಂಬಿಕೊಂಡು ಕೂರಬೇಡಿ.

ಕತ್ತು ಕೆಟ್ಟರೆ ಹಣೆ ಯಾಕೆ ನೋಯಬೇಕು ಅಲ್ವಾ? ಕತ್ತಿನ ಮೇಲಿನ ಮೂರು ನರಗಳು ಮತ್ತು ಹಣೆ, ಕಣ್ಣಿನ ನೋವನ್ನು ಮಿದುಳಿಗೆ ಮುಟ್ಟಿಸುವ ನರ ಒಳಗೆ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ಅಲ್ಲಿ ಮಿದುಳಿಗೆ ಗುರುತು ತಪ್ಪುತ್ತದೆ. ಕೆಟ್ಟಿರುವುದು ಕತ್ತಿನ ಕೀಲು, ನೋವು ಕಾಣುವುದು ಕಣ್ಣಿನ ಹಿಂದೆ. ನಾರ್ವೆಯ ನರತಜ್ಞ ಒಟ್ಟಾರ್ ಶೋಸ್ಟಾಡ್ 1983ರಲ್ಲಿ ಇದಕ್ಕೆ ಸರ್ವಿಕೊಜೆನಿಕ್ ತಲೆನೋವು ಎಂದು ಹೆಸರಿಟ್ಟರು. ಸಾಮಾನ್ಯವಾಗಿ ಯಾವಾಗಲೂ ಒಂದೇ ಬದಿಗೆ ಬರುತ್ತದೆ, ಹಿಂಗತ್ತಿನಲ್ಲಿ ಶುರುವಾಗಿ ಮುಂದಕ್ಕೆ ಹರಿಯುತ್ತದೆ, ಕತ್ತು ಹೊರಳಿಸಿದರೆ ಜಾಸ್ತಿಯಾಗುತ್ತದೆ.

ಇದನ್ನು ಕೈಯಿಂದಲೇ ಪರೀಕ್ಷಿಸಬಹುದು. ನಿಮ್ಮನ್ನು ಅಂಗಾತ ಮಲಗಿಸಿ, ಗದ್ದ ಎದೆಯ ಕಡೆ ಬರುವಂತೆ ತಲೆಯನ್ನು ಪೂರ್ತಿ ಬಗ್ಗಿಸಿ, ಹಾಗೇ ಹಿಡಿದು ಎಡಕ್ಕೂ ಬಲಕ್ಕೂ ಮೆಲ್ಲಗೆ ಹೊರಳಿಸುತ್ತಾರೆ. ಎರಡೂ ಕಡೆ 40 ಡಿಗ್ರಿಗಿಂತ ತುಸು ಜಾಸ್ತಿ ತಿರುಗಬೇಕು. ನೋವಿರುವ ಬದಿಗೆ ಬೇಗನೆ ಗಕ್ಕನೆ ನಿಂತುಬಿಟ್ಟರೆ ಮೇಲಿನ ಕೀಲು ಬಿಗಿದಿದೆ ಎಂಬ ಸುಳಿವು. ಆಮೇಲೆ ತಲೆಬುರುಡೆಯ ಬುಡಕ್ಕೆ ಬೆರಳಿಟ್ಟು ಆ ಕೀಲನ್ನು ನಿಧಾನವಾಗಿ ಆಡಿಸುತ್ತಾರೆ.

ಆದರೆ ಸುಮ್ನೆ ಮಲಗಿ ಒತ್ತಿಸಿಕೊಳ್ಳುವುದೊಂದೇ ದಾರಿಯಲ್ಲ, ಕತ್ತಿನ ವ್ಯಾಯಾಮವೂ ಇದೆ. ಆಸ್ಟ್ರೇಲಿಯಾದಲ್ಲಿ ಗ್ವೆಂಡೊಲಿನ್ ಜುಲ್ ಮತ್ತವರ ತಂಡ ಇಂಥ ತಲೆನೋವಿದ್ದ 200 ಜನರ ಮೇಲೆ ನಡೆಸಿದ ಅಧ್ಯಯನ 2002ರಲ್ಲಿ ಬಂತು. ಆರು ವಾರ ಕೈಚಿಕಿತ್ಸೆ ಪಡೆದವರಿಗೂ, ಕತ್ತಿನ ವ್ಯಾಯಾಮ ಮಾಡಿದವರಿಗೂ ನೋವು ಇಳಿಯಿತು, ವರ್ಷದ ನಂತರವೂ ಆ ಗುಣ ಉಳಿದಿತ್ತು. ವ್ಯಾಯಾಮ ಅಂದರೆ ದೊಡ್ಡದೇನಲ್ಲ. ಮಲಗಿ, ತಲೆ ಎತ್ತದೆ, ‘ಹೂಂ’ ಅನ್ನುವಂತೆ ಗದ್ದವನ್ನು ಸ್ವಲ್ಪವೇ ಒಳಗೆ ಎಳೆದು ಹತ್ತು ಸೆಕೆಂಡು ಹಿಡಿಯುವುದು. ಇದನ್ನು ಬಿಟ್ಟವರಿಗೆ ನೋವು ಮರಳಿದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಕಟಿಂಗ್ ಶಾಪ್‌ನಲ್ಲಿ ಕತ್ತಿನ ನೆಟಿಗೆ ತೆಗೆಸಿಕೊಳ್ಳಬೇಡಿ. ಜೋರಾಗಿ ತಿರುಚಿದಾಗ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆಗಬಹುದು. ಅಪರೂಪ ನಿಜ, ಆದರೆ ಆದದ್ದುಂಟು. ಹಠಾತ್ತಾಗಿ ಹಿಂದೆಂದೂ ಬಾರದಷ್ಟು ನೋವು ಬಂದರೆ, ಮಾತು ತೊದಲಿದರೆ, ಕೈ ಸೋತರೆ, ಜ್ವರದ ಜೊತೆ ಕತ್ತು ಸೆಟೆದರೆ ಫಿಸಿಯೋ ಬೇಡ, ನೇರ ಆಸ್ಪತ್ರೆಗೆ ಹೋಗಿ.

ಇನ್ನು ಮಾತ್ರೆ ವಿಷಯ. ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಜಾಸ್ತಿ ಪ್ಯಾರಾಸಿಟಮಾಲ್ ನುಂಗುತ್ತಿದ್ದರೆ ಆ ಮಾತ್ರೆಯೇ ತಲೆನೋವನ್ನು ಹಿಡಿದಿಟ್ಟಿರಬಹುದು. ನುಂಗಿದ ದಿನಗಳನ್ನೆಲ್ಲ ಗೋಡೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಆ ಹಾಳೆಯನ್ನು ಡಾಕ್ಟರಿಗೆ ತೋರಿಸಿ.