ಪ್ಯಾನೆಲ್ ಮೇಲಿನ ಅಂಕಿ ಪ್ರೀಫಾರ್ಮಿನ ಬಿಸಿಯಲ್ಲ

ಯುಗಾದಿ ಕಳೆದು ಬಿಸಿಲು ಏರತೊಡಗಿತೆಂದರೆ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಕರೆ ಸಿಂಧನೂರಿನ ನೀರಿನ ಬಾಟಲಿ ಘಟಕದಿಂದ ಬಂದಿರಲಿ, ರಾಯಚೂರಿನ ಎಣ್ಣೆ ಗಿರಣಿಯಿಂದ ಬಂದಿರಲಿ, ಗಂಗಾವತಿಯಿಂದ ಬಂದಿರಲಿ, ಮಾತು ಮಾತ್ರ ಬದಲಾಗುವುದಿಲ್ಲ: “ಸರ್ರ, ಬಾಟ್ಲಿ ಬೆಳ್ಳಗ ಬರಾಕತ್ಯಾವ. ಎಷ್ಟು ಹೀಟ್ ಇಡಬೇಕು, ನಂಬರ್ ಹೇಳಿಬಿಡ್ರಿ.” ನಂಬರು ಹೇಳಲಾಗದು ಎಂದರೆ, ಪಕ್ಕದೂರಿನವರಿಗೆ ಹೇಳಿದ್ದನ್ನು ತಮಗೆ ಮಾತ್ರ ಬಚ್ಚಿಡುತ್ತಿದ್ದೇನೆಂದು ಬೇಸರಪಡುತ್ತಾರೆ. ಇಷ್ಟು ವರ್ಷಗಳಾದರೂ ಈ ಬೇಸರವನ್ನು ಕಳೆಯಲು ನನ್ನಿಂದ ಆಗಿಲ್ಲವಾದ್ದರಿಂದ, ಕಾರಣವನ್ನು ಒಮ್ಮೆ ವಿವರವಾಗಿ ಬರೆದುಬಿಡುತ್ತೇನೆ.

ಪ್ರೀಫಾರ್ಮ್ ಎಂದರೆ ಬಾಟಲಿಯಾಗುವ ಮುಂಚಿನ, ಪೆಟ್ ಪ್ಲಾಸ್ಟಿಕ್ಕಿನ ಗಿಡ್ಡನೆಯ ದಪ್ಪ ಕೊಳವೆ. ಅದನ್ನು ಓವನ್ನಿನ ಲ್ಯಾಂಪುಗಳಿಂದ ಕಾಯಿಸಿ, ಮೋಲ್ಡ್ ಎಂಬ ಅಚ್ಚಿನೊಳಗೆ ಗಾಳಿ ಊದಿ ಬಾಟಲಿಯಾಗಿ ಹಿಗ್ಗಿಸುವುದು ಬ್ಲೋ ಮಷಿನು. ನಮ್ಮ ಕಡೆಯ ಸಣ್ಣ ಘಟಕಗಳಲ್ಲಿರುವ ಈ ಮಷಿನುಗಳ ಓವನ್ ಪ್ಯಾನೆಲ್ಲಿನಲ್ಲಿ ಕಾಣುವ 60, 72, 85 ಎಂಬ ಅಂಕಿಗಳು ಸಾಮಾನ್ಯವಾಗಿ ಡಿಗ್ರಿಗಳಲ್ಲ. ಆಯಾ ಸಾಲಿನ ಲ್ಯಾಂಪಿಗೆ ಅದರ ಪೂರ್ಣ ಶಕ್ತಿಯಲ್ಲಿ ಎಷ್ಟು ಪಾಲು ಹೋಗುತ್ತಿದೆ ಎಂಬುದನ್ನಷ್ಟೇ ಅವು ತಿಳಿಸುತ್ತವೆ. ಒಲೆಯ ಉರಿಯನ್ನು ನೋಡಿ ಅನ್ನ ಬೆಂದಿದೆಯೋ ಇಲ್ಲವೋ ಎಂದು ಹೇಗೆ ಹೇಳಲಾಗದೋ, ಈ ಅಂಕಿಯನ್ನು ನೋಡಿ ಪ್ರೀಫಾರ್ಮ್ ಎಷ್ಟು ಕಾದಿದೆ ಎಂದೂ ಹಾಗೆಯೇ ಹೇಳಲಾಗದು. ಅದೇ 72ರಲ್ಲಿ ಹೊಸ ಲ್ಯಾಂಪು ಕೊಡುವ ಶಾಖವೇ ಬೇರೆ, ಗಾಜಿನ ಮೇಲೆ ಧೂಳು ಕೂತ ಹಳೆಯ ಲ್ಯಾಂಪು ಕೊಡುವ ಶಾಖವೇ ಬೇರೆ. ಸ್ಟೆಬಿಲೈಸರ್ ಇಲ್ಲದ ಕಡೆ ವೋಲ್ಟೇಜು ನೂರಕ್ಕೆ 10ರಷ್ಟು ಕುಸಿದರೆ ಲ್ಯಾಂಪಿನ ಶಾಖ ಸುಮಾರು 15ರಷ್ಟು ಕುಸಿಯುತ್ತದೆ. ಪ್ಯಾನೆಲ್ ಮಾತ್ರ ಆಗಲೂ 72 ಎಂದೇ ತೋರಿಸುತ್ತಿರುತ್ತದೆ.

ಇನ್ನು ಪ್ರೀಫಾರ್ಮಿಗೆ ಬೇಕಾದ ಹದದ ವಿಚಾರ. ಪೆಟ್ ಪ್ಲಾಸ್ಟಿಕ್ಕು ಸುಮಾರು 75ರಿಂದ 80 ಡಿಗ್ರಿಯಲ್ಲಿ ತನ್ನ ಬಿಗಿತವನ್ನು ಬಿಡತೊಡಗುತ್ತದೆ. ಊದಲು ಹೆಚ್ಚಿನ ಬಾಟಲಿಗಳಿಗೆ 95ರಿಂದ 110 ಡಿಗ್ರಿಯ ನಡುವಿನ ಬಿಸಿ ಬೇಕು. 120ನ್ನು ದಾಟುತ್ತ ಹೋದಂತೆ ಅದರೊಳಗೆ ಹರಳುಗಟ್ಟುವಿಕೆ ಚುರುಕಾಗುತ್ತದೆ. ನಮ್ಮ ಕೈಯಲ್ಲಿರುವ ಅವಕಾಶ ಹದಿನೈದು ಡಿಗ್ರಿಯಷ್ಟೇ. ಪ್ರೀಫಾರ್ಮಿನ ದಪ್ಪ, ಬಣ್ಣ, ರೆಸಿನ್ ಎಂಬ ಕಚ್ಚಾ ಪ್ಲಾಸ್ಟಿಕ್ಕಿನ ದರ್ಜೆಗಳಿಗೆ ತಕ್ಕಂತೆ ಈ ಅಂಕಿಗಳು ಅತ್ತಿತ್ತ ಸರಿಯುತ್ತವೆಯಾದ್ದರಿಂದ ಇವನ್ನೂ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಡಿರೆಂದು ವಿನಂತಿ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ನಿಮ್ಮ ಓವನ್ನು ಒಂದು ಸುತ್ತಿನಲ್ಲಿ ಪ್ರೀಫಾರ್ಮಿನ ಬಿಸಿಯನ್ನು 75 ಡಿಗ್ರಿಯಷ್ಟು ಏರಿಸುತ್ತದೆ ಎಂದಿಟ್ಟುಕೊಳ್ಳಿ. ಬೆಳಗಿನ ಹೊತ್ತು 25 ಡಿಗ್ರಿಯಲ್ಲಿ ಒಳಹೋದ ಪ್ರೀಫಾರ್ಮು 100ಕ್ಕೆ ಬಂದು ಚೆನ್ನಾಗಿ ಊದಿಕೊಳ್ಳುತ್ತದೆ. ತಗಡಿನ ಶೆಡ್ಡಿನಲ್ಲಿ ಮಧ್ಯಾಹ್ನದವರೆಗೆ ಕಾದು 42 ಡಿಗ್ರಿಗೆ ಬಂದ ಪ್ರೀಫಾರ್ಮು ಅದೇ ಸೆಟ್ಟಿಂಗಿನಲ್ಲಿ 117ರ ಹತ್ತಿರ ಹೋಗುತ್ತದೆ. ನೀವು ಏನನ್ನೂ ಬದಲಿಸಿಲ್ಲ ಎಂಬ ನಿಮ್ಮ ಮಾತು ನಿಜವೇ. ನಿಮ್ಮ ಪರವಾಗಿ ರಾಯಚೂರಿನ ಬಿಸಿಲು ಬದಲಿಸಿದೆ.

ಬಾಟಲಿ ಬೆಳ್ಳಗಾಯಿತು ಎಂದಾಗ ನಾನು ಮೊದಲು ಕೇಳುವುದು ಅದು ಯಾವ ಬಿಳುಪು ಎಂದು. ಹೀಗೆ ಕೇಳಿದಾಗ ನಾನು ತಮಾಷೆ ಮಾಡುತ್ತಿದ್ದೇನೆಂದು ಕೆಲವರು ತಿಳಿದದ್ದುಂಟು. ಮುತ್ತಿನ ಚಿಪ್ಪಿನಂತೆ ಮಿನುಗುವ ಬಿಳುಪು ಒಂದು. ಅದು ಹೆಚ್ಚಾಗಿ ತೆಳುವಾಗಿ ಎಳೆದುಕೊಂಡ ಭಾಗದಲ್ಲಿ ಕಾಣಿಸುತ್ತದೆ. ಸಾಕಷ್ಟು ಕಾಯದ ಪ್ರೀಫಾರ್ಮನ್ನು ಬಲವಂತವಾಗಿ ಹಿಗ್ಗಿಸಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳೆದ್ದು ಅದು ಹುಟ್ಟುತ್ತದೆ. ಎಸರು ಹಾಕದೆ ತಣ್ಣೀರಿನಲ್ಲಿ ನಾದಿದ ಜೋಳದ ಹಿಟ್ಟಿನ ರೊಟ್ಟಿ ತಟ್ಟುವಾಗ ಅಂಚಿನಲ್ಲಿ ಬಿರಿಯುತ್ತದಲ್ಲ, ಇದೂ ಅದೇ ಜಾತಿಯದು. ಇನ್ನೊಂದು, ನೀರು ಬೆರೆಸಿದ ಹಾಲಿನಂತೆ ಮಂಕಾದ, ಹೊಳಪಿಲ್ಲದ ಬಿಳುಪು. ಅದು ಅತಿಯಾಗಿ ಕಾದು ಹರಳುಗಟ್ಟಿದ್ದರ ಗುರುತು. ಮೊದಲನೆಯದಕ್ಕೆ ಶಾಖ ಏರಿಸಬೇಕು, ಎರಡನೆಯದಕ್ಕೆ ಇಳಿಸಬೇಕು. ಎರಡನ್ನೂ “ಬೆಳ್ಳಗ” ಎಂಬ ಒಂದೇ ಮಾತಿನಲ್ಲಿ ಹೇಳಿ ಫೋನಿನಲ್ಲಿ ನಂಬರು ಕೇಳಿದರೆ, ನಾನು ಹೇಳುವ ಉತ್ತರ ಸರಿಯಾಗುವ ಸಾಧ್ಯತೆ ನಾಣ್ಯ ಚಿಮ್ಮಿದಷ್ಟೇ.

ಕಣ್ಣಿಗೆ ಅನುಮಾನ ಬಂದರೆ ಸುಲಭವಾದ ಪರೀಕ್ಷೆಯೊಂದಿದೆ. ಓವನ್ನಿನಿಂದ ಹೊರಬಂದ ಒಂದು ಪ್ರೀಫಾರ್ಮನ್ನು ಊದದೆ, ಕುತ್ತಿಗೆಯ ಭಾಗವನ್ನು ಮಾತ್ರ ಹಿಡಿದು ತೆಗೆದಿಟ್ಟು ತಣಿಯಲು ಬಿಡಬೇಕು. ಆಮೇಲೆ ಅದನ್ನೂ ಚೀಲದಿಂದ ತೆಗೆದ ಹಸಿ ಪ್ರೀಫಾರ್ಮೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಕಾದದ್ದು ಮಂಕಾಗಿ ಹಸಿಯದು ತಿಳಿಯಾಗಿದ್ದರೆ ಶಾಖ ಹೆಚ್ಚಾಗಿದೆ. ಎರಡೂ ತಿಳಿಯಾಗಿದ್ದು ಬಾಟಲಿ ಮಾತ್ರ ಬೆಳ್ಳಗೆ ಬರುತ್ತಿದ್ದರೆ, ಬಹುಮಟ್ಟಿಗೆ ಶಾಖ ಸಾಲದಾಗಿದೆ. ಹಸಿಯದೇ ಮಂಕಾಗಿದ್ದರೆ ನಿಮ್ಮ ಜಗಳ ಪ್ರೀಫಾರ್ಮ್ ಕೊಟ್ಟವರೊಂದಿಗೆ, ಓವನ್ನಿನೊಂದಿಗಲ್ಲ.

ಒಂದೇ ಬಾಟಲಿಯಲ್ಲಿ ಎರಡೂ ಬಗೆಯ ಬಿಳುಪು ಕಾಣಬಹುದು ಎಂದಾಗ ಅನುಭವಿ ಆಪರೇಟರುಗಳೂ ನಂಬುವುದಿಲ್ಲ. ಲ್ಯಾಂಪು ಕಾಯಿಸುವುದು ಹೊರಗಿನಿಂದ, ಆದರೆ ಹೆಚ್ಚು ಹಿಗ್ಗಬೇಕಾದದ್ದು ಒಳಮೈ. ಹೊರವ್ಯಾಸ 24 ಮಿ.ಮೀ., ಒಳವ್ಯಾಸ 18 ಮಿ.ಮೀ. ಇರುವ ಪ್ರೀಫಾರ್ಮು 65 ಮಿ.ಮೀ. ವ್ಯಾಸದ ಬಾಟಲಿಯಾಗುವಾಗ ಹೊರಮೈ ಸುಮಾರು 2.7 ಪಟ್ಟು ಹಿಗ್ಗಿದರೆ ಒಳಮೈ 3.6 ಪಟ್ಟು ಹಿಗ್ಗುತ್ತದೆ. ಆತುರಕ್ಕೆ ಲ್ಯಾಂಪು ಏರಿಸಿ ಓವನ್ನಿನ ಸಮಯ ಕಡಿತಗೊಳಿಸಿದರೆ ಹೊರಚರ್ಮ ಸೀದಷ್ಟು ಕಾಯುತ್ತದೆ, ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಓವನ್ ದಾಟಿದ ಮೇಲೆ ಮೋಲ್ಡಿಗೆ ಹೋಗುವ ಮುನ್ನ ಕೆಲವು ಸೆಕೆಂಡು ಬಿಡುವುದು ಈ ಬಿಸಿ ಒಳಕ್ಕೆ ಹರಡಲೆಂದೇ ಹೊರತು, ಮಷಿನ್ ಮಾಡಿದವರ ಸೋಮಾರಿತನದಿಂದಲ್ಲ. ಓವನ್ನಿನ ಫ್ಯಾನು ಇರುವುದೂ ಹೊರಚರ್ಮವನ್ನು ತಂಪಾಗಿಟ್ಟು, ಲ್ಯಾಂಪಿನ ಕಿರಣ ಒಳಪದರಕ್ಕೆ ಇಳಿಯಲು ಅವಕಾಶ ಮಾಡಿಕೊಡಲೆಂದು. “ಫ್ಯಾನ್ ಬಂದ್ ಮಾಡಿದ್ರ ಕರೆಂಟ್ ಉಳೀತೈತಿ” ಎಂದು ಅದನ್ನು ನಿಲ್ಲಿಸಿದ ಮಾಲೀಕರನ್ನು ಕಂಡಿದ್ದೇನೆ. ಅವರ ಮೇಲೆ ಸಿಟ್ಟು ಬರುವ ಮೊದಲು ನಗು ಬಂದಿತ್ತು. ಗಂಗಾವತಿಯಂಥ ಊರುಗಳಲ್ಲಿ ಅಕ್ಕಿ ಗಿರಣಿಯ ತೌಡು, ರಾಯಚೂರಿನಲ್ಲಿ ಜಿನ್ನಿಂಗ್ ಮಿಲ್ಲಿನ ಹತ್ತಿಯ ಎಳೆ ಈ ಫ್ಯಾನಿನ ಜಾಲರಿಗೆ ಅಂಟಿ ಅದೇ ಕೆಲಸವನ್ನು ನಿಧಾನವಾಗಿ ಮಾಡುತ್ತವೆ. ಕೈಯಲ್ಲಿ ಹಿಡಿಯುವ ಇನ್ಫ್ರಾರೆಡ್ ಗನ್ನು ಇಟ್ಟುಕೊಂಡವರು ಇದನ್ನೂ ನೆನಪಿಡಬೇಕು: ಅದು ಹೇಳುವುದು ಹೊರಚರ್ಮದ ಬಿಸಿಯನ್ನು ಮಾತ್ರ. ಆದುದರಿಂದ ಪ್ರತಿ ಸಲವೂ ಒಂದೇ ಜಾಗಕ್ಕೆ, ಓವನ್ ದಾಟಿದ ಅಷ್ಟೇ ಸೆಕೆಂಡಿಗೆ ಹಿಡಿದರಷ್ಟೇ ಹೋಲಿಸಲು ಬರುತ್ತದೆ.

ಕಳೆದ ಬೇಸಿಗೆಯಲ್ಲಿ ಸಿಂಧನೂರು ರಸ್ತೆಯ ಘಟಕವೊಂದಕ್ಕೆ ಹೋದಾಗ ಪ್ಯಾನೆಲ್ಲಿನ ಪಕ್ಕದಲ್ಲಿ ಮಾರ್ಕರ್ ಪೆನ್ನಿನಿಂದ ಆರು ಅಂಕಿಗಳನ್ನು ಬರೆದು, ಅಳಿಯದಿರಲೆಂದು ಮೇಲೆ ಟೇಪು ಅಂಟಿಸಿದ್ದರು. ಜನವರಿಯಲ್ಲಿ ನಾನೇ ಕೂಡಿಸಿ ಹೋಗಿದ್ದ ಸೆಟ್ಟಿಂಗ್ ಅದು! ಚೀಲಗಳನ್ನು ಪಡುವಣ ಗೋಡೆಗೆ ಒತ್ತಿ ಪೇರಿಸಿದ್ದರು; ಗೋಡೆಗೆ ತಾಗಿದ ಚೀಲದೊಳಗೆ ಕೈಯಿಟ್ಟರೆ ಪ್ರೀಫಾರ್ಮುಗಳು ಬೆಚ್ಚಗಿದ್ದವು, ಅಡಿಯ ಸಾಲಿನ ನಡುಚೀಲದಲ್ಲಿ ಇನ್ನೂ ತಣ್ಣಗಿದ್ದವು. ಹುಡುಗ ಎರಡೂ ಚೀಲಗಳಿಂದ ಸಿಕ್ಕಂತೆ ಸುರಿಯುತ್ತಿದ್ದ. ಮಾಲೀಕರು ಲ್ಯಾಂಪು ಬದಲಿಸಲು ಹಣ ಹೊಂದಿಸುತ್ತಿದ್ದರು. ಲ್ಯಾಂಪು ಸರಿಯಾಗಿಯೇ ಇದ್ದವು. ಚೀಲಗಳನ್ನು ನೆರಳಿನ ಕೋಣೆಗೆ ಸಾಗಿಸಿ, ಒಂದು ದಿನ ಅಲ್ಲಿಟ್ಟೇ ಬಳಸುವಂತೆ ಹೇಳಿ, ಟೇಪು ಕಿತ್ತು ಅಂಕಿಗಳನ್ನು ಅಳಿಸಿದೆ. ಪಾಳಿ ಶುರುವಾದಾಗ ಒಮ್ಮೆ, ಊಟದ ನಂತರ ಒಮ್ಮೆ ಊದದ ಪ್ರೀಫಾರ್ಮೊಂದನ್ನು ತೆಗೆದು ನೋಡಲು ಆ ಹುಡುಗನಿಗೆ ಕಲಿಸಿದೆ.

ಅವನು ಅರ್ಧ ಗಂಟೆಯಲ್ಲಿ ಕಲಿತ. ಮಾಲೀಕರು ನನ್ನನ್ನು ಬಸ್ಸಿಗೆ ಬಿಡಲು ಬಂದಾಗ ಸಂಕೋಚದಿಂದಲೇ ಕೇಳಿದರು: “ಅಲ್ರೀ ಸರ್ರ, ದಿನಾ ಎರಡೆರಡು ಪ್ರೀಫಾರ್ಮ್ ಸುಮ್ಮನ ಹಾಳಾಗ್ತಾವಲ್ರೀ?” ಅವರ ಶೆಡ್ಡಿನ ಹಿಂದೆ ಬಿಳಿ ಬಾಟಲಿ ತುಂಬಿದ ಒಂಬತ್ತು ಚೀಲಗಳು ಗುಜರಿಯವನ ದಾರಿ ಕಾಯುತ್ತಿದ್ದವು.