ಸಡಿಲ ತಂತಿಯ ಭಾರಿ ಸದ್ದು

ಗಿಟಾರಿನಲ್ಲಿ ಭಾರಿ ಸದ್ದು ಬೇಕಾದರೆ ದಪ್ಪ ತಂತಿ ಹಾಕಬೇಕು. ಗಿಟಾರ್ ಕಲಿಯುವ ಹುಡುಗರ ನಡುವೆ ಈ ಮಾತು ಗಟ್ಟಿಯಾಗಿ ಬೇರೂರಿದೆ. ಬೆರಳು ಹರಿದು ರಕ್ತ ಬಂದರೂ ಸರಿ, ದಪ್ಪ ತಂತಿಯೇ ಬೇಕು ಎಂದು ಹಟ ಹಿಡಿಯುವವರಿದ್ದಾರೆ. ಆದರೆ ಹೆವಿ ಮೆಟಲ್ ಎಂಬ ಸಂಗೀತಕ್ಕೆ ಅದರ ಭಾರವನ್ನು ಕೊಟ್ಟ ಟೋನಿ ಐಯೋಮಿ ನುಡಿಸಿದ್ದು ತೆಳ್ಳನೆಯ ತಂತಿಗಳ ಮೇಲೆ. ಅದೂ ಸಾಲದೆಂದು ಸಡಿಲ ಮಾಡಿಕೊಂಡು ನುಡಿಸಿದರು. ಇದು ಹೇಗೆ ಸಾಧ್ಯವಾಯಿತು ಎಂದು ಹುಡುಕುತ್ತಾ ಹೋದರೆ ತಂತಿಯ ವಿಜ್ಞಾನವೆಲ್ಲ ಬಿಚ್ಚಿಕೊಳ್ಳುತ್ತದೆ. ನನ್ನ ಮೆಚ್ಚಿನ ಗಿಟಾರ್ ವಾದಕರು ಒಬ್ಬೊಬ್ಬರಾಗಿ ಅದರೊಳಗಿನಿಂದಲೇ ಎದ್ದು ಬರುತ್ತಾರೆ.

ಐಯೋಮಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನವರು. 17ನೇ ವಯಸ್ಸಿನಲ್ಲಿ ಲೋಹದ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಕೆಲಸದ ಕೊನೆಯ ದಿನ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವರು ಎಡಗೈ ವಾದಕರು, ಹಾಗಾಗಿ ಬಲಗೈಯೇ ತಂತಿ ಒತ್ತುವ ಕೈ. ಗಿಟಾರ್ ಮುಗಿಯಿತು ಎಂದು ಕುಳಿತಿದ್ದ ಹುಡುಗನಿಗೆ ಕಾರ್ಖಾನೆಯ ಮೇಲಧಿಕಾರಿಯೊಬ್ಬರು ಜ್ಯಾಂಗೊ ರೈನ್‌ಹಾರ್ಟ್ ಅವರ ರೆಕಾರ್ಡ್ ಕೇಳಿಸಿದರು. 1928ರ ಬೆಂಕಿ ಅಪಘಾತದಲ್ಲಿ ಎಡಗೈಯ ಎರಡು ಬೆರಳು ಸುಟ್ಟು ಮುರುಟಿಹೋದ ಮೇಲೂ, ಉಳಿದೆರಡು ಬೆರಳುಗಳಲ್ಲೇ ಯುರೋಪಿನ ಜಾಝ್ ಗಿಟಾರನ್ನು ಕಟ್ಟಿದ ಮನುಷ್ಯ ಜ್ಯಾಂಗೊ. ಐಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು, ಅದರ ಮೇಲೆ ಚರ್ಮದ ತುಂಡು ಅಂಟಿಸಿದರು. ಆದರೂ ಮಾಮೂಲಿ ತಂತಿಯನ್ನು ಒತ್ತುವುದು, ಎಳೆಯುವುದು ನೋವಿನ ಕೆಲಸ. ಆಗ ಅಂಗಡಿಗಳಲ್ಲಿ ತೆಳ್ಳನೆಯ ಗಿಟಾರ್ ತಂತಿ ಸಿಗುತ್ತಿರಲಿಲ್ಲ. ಅವರು ಬ್ಯಾಂಜೊ ತಂತಿ ಕಟ್ಟಿಕೊಂಡರು. 1971ರ ಹೊತ್ತಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಲವು ಹಾಡುಗಳಿಗೆ ಇಡೀ ಗಿಟಾರಿನ ಶ್ರುತಿಯನ್ನು ಮೂರು ಸ್ವರಸ್ಥಾನ, ಅಂದರೆ ಒಂದು ಸ್ಥಾಯಿಯ ಹನ್ನೆರಡು ಪಾಲಿನಲ್ಲಿ ಮೂರು ಪಾಲು, ಕೆಳಗಿಳಿಸಿದರು.

ಇದರಿಂದ ಬೆರಳಿಗೆ ಎಷ್ಟು ಆರಾಮ ಸಿಕ್ಕಿತು? ಲೆಕ್ಕ ಹಾಕಬಹುದು. ಗಿಟಾರಿನವರು ‘ಟೆನ್ಸ್’, ‘ಎಯ್ಟ್ಸ್’ ಎಂದು ತಂತಿಯ ಸೆಟ್‌ಗಳನ್ನು ಕರೆಯುತ್ತಾರೆ. ಟೆನ್ಸ್ ಅಂದರೆ ಆ ಸೆಟ್ಟಿನ ಅತಿ ತೆಳ್ಳನೆಯ ತಂತಿ ಇಂಚಿನ ಸಾವಿರದಲ್ಲಿ ಹತ್ತು ಭಾಗ, ಅಂದರೆ ಕಾಲು ಮಿಲಿಮೀಟರ್ ದಪ್ಪ. 64.8 ಸೆಂ.ಮೀ. ಉದ್ದದ ಈ ಉಕ್ಕಿನ ತಂತಿ ತನ್ನ 330 ಹರ್ಟ್ಸ್ (ಸೆಕೆಂಡಿಗೆ 330 ಕಂಪನ) ಶ್ರುತಿಗೆ ಬರಬೇಕಾದರೆ ಸುಮಾರು 7.4 ಕೆಜಿ ತೂಕ ನೇತುಹಾಕಿದಷ್ಟು ಬಿಗಿ ಬೇಕು. ಎಯ್ಟ್ಸ್ ಹಾಕಿದರೆ 4.7 ಕೆಜಿ ಸಾಕು. ಅದೇ ಎಯ್ಟ್ಸನ್ನು ಮೂರು ಸ್ವರಸ್ಥಾನ ಇಳಿಸಿದರೆ ಬರೀ 3.3 ಕೆಜಿ. ಅರ್ಧಕ್ಕಿಂತಲೂ ಕಡಿಮೆ!

ಇಲ್ಲಿ ಒಂದು ವಿಚಿತ್ರ ಗಮನಿಸಿ. ಮೂರು ಸ್ವರಸ್ಥಾನ ಇಳಿಸಿದಾಗ ಕಂಪನದ ಸಂಖ್ಯೆ ಕಡಿಮೆಯಾಗುವುದು ಶೇ. 16ರಷ್ಟು. ಆದರೆ ಬಿಗಿ ಕಡಿಮೆಯಾಗುವುದು ಶೇ. 29ರಷ್ಟು. ಸ್ವರ ಮತ್ತು ಬಿಗಿ ಒಂದೇ ಅಳತೆಯಲ್ಲಿ ಏರಿಳಿಯುವುದಿಲ್ಲ. ಸ್ವರ ಎರಡು ಪಟ್ಟಾಗಬೇಕಾದರೆ, ಅಂದರೆ ಷಡ್ಜದಿಂದ ತಾರ ಷಡ್ಜಕ್ಕೆ ಹೋಗಬೇಕಾದರೆ, ಬಿಗಿ ನಾಲ್ಕು ಪಟ್ಟಾಗಬೇಕು.

ಯಾಕೆ ನಾಲ್ಕು? ಮೀಟಿದ ತಂತಿಯನ್ನು ಮತ್ತೆ ನೇರಕ್ಕೆ ಎಳೆದು ತರುವುದು ಅದರ ಬಿಗಿ. ಸ್ವರ ಎರಡು ಪಟ್ಟಾಗಬೇಕಾದರೆ ತಂತಿ ಅಷ್ಟೇ ದೂರವನ್ನು ಅರ್ಧ ಸಮಯದಲ್ಲಿ ಕ್ರಮಿಸಬೇಕು. ಅದಕ್ಕೆ ಎರಡು ಪಟ್ಟು ವೇಗ ಬೇಕು. ಆದರೆ ಆ ವೇಗ ಗಳಿಸಿಕೊಳ್ಳಲು ಸಿಗುವ ಸಮಯವೂ ಅರ್ಧವೇ. ಎರಡು ಪಟ್ಟು ವೇಗವನ್ನು ಅರ್ಧ ಸಮಯದಲ್ಲಿ ಕೊಡಬೇಕಾದರೆ ಎಳೆತ ನಾಲ್ಕು ಪಟ್ಟಾಗಲೇಬೇಕು, ಅಲ್ವಾ? ಇಷ್ಟು ಸರಳವಾದ ಮಾತು. ಆದರೂ ಇದನ್ನು ಕಂಡುಕೊಳ್ಳಲು ಜಗತ್ತಿಗೆ ಬಹಳ ಕಾಲ ಬೇಕಾಯಿತು.

ಹಳೆಯ ಯುರೋಪಿನಲ್ಲಿ ಪೈಥಾಗೊರಸ್ ಹೆಸರಿನಲ್ಲಿ ಒಂದು ಕಥೆ ಓಡಾಡುತ್ತಿತ್ತು. ಕಮ್ಮಾರನ ಸುತ್ತಿಗೆಗಳ ಸದ್ದು ಕೇಳಿದ ಪೈಥಾಗೊರಸ್, ಮನೆಗೆ ಬಂದು ತಂತಿಗಳಿಗೆ 6, 8, 9, 12ರ ಪ್ರಮಾಣದಲ್ಲಿ ತೂಕ ಕಟ್ಟಿ ಮೀಟಿದನಂತೆ. 6ಕ್ಕೆ 12 ಕಟ್ಟಿದಾಗ ಸರಿಯಾಗಿ ತಾರ ಷಡ್ಜ ಬಂತಂತೆ. ಬರಲು ಸಾಧ್ಯವೇ ಇಲ್ಲ! ಆದರೆ ಒಬ್ಬರ ಪುಸ್ತಕದಿಂದ ಇನ್ನೊಬ್ಬರು ನಕಲು ಮಾಡುತ್ತಾ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಪಂಡಿತರು ಇದನ್ನೇ ಪಾಠ ಹೇಳಿದರು. ಎರಡು ತಂತಿ, ಎರಡು ತೂಕದ ಬಟ್ಟು ಇದ್ದರೆ ಯಾರು ಬೇಕಾದರೂ ಪರೀಕ್ಷೆ ಮಾಡಬಹುದಿತ್ತು. ನನಗೆ ಇಂದಿಗೂ ಸಂಕಟವಾಗುವ ವಿಷಯ ಇದು. ದೊಡ್ಡವರು ಹೇಳಿದ್ದಾರೆ ಎಂದು ಒಪ್ಪಿಕೊಂಡು ಕೂರುವ ಅಭ್ಯಾಸ ನಮ್ಮಲ್ಲೂ ಕಡಿಮೆ ಇಲ್ಲ.

ಕೊನೆಗೆ ತೂಕ ಕಟ್ಟಿ ನೋಡಿದ್ದು 1580ರ ದಶಕದ ಕೊನೆಯ ಹೊತ್ತಿಗೆ, ಒಬ್ಬ ತಂತಿ ವಾದಕ. ಹೆಸರು ವಿಂಚೆಂಜೊ ಗೆಲಿಲಿ. ಗಿಟಾರಿನಂತೆಯೇ ಫ್ರೆಟ್‌ಗಳಿರುವ ಲ್ಯೂಟ್ ಎಂಬ ವಾದ್ಯವನ್ನು ಆತ ನುಡಿಸುತ್ತಿದ್ದ. ಫ್ರೆಟ್ ಅಂದರೆ ತಂತಿಯ ಕೆಳಗೆ ಅಡ್ಡಕ್ಕಿರುವ ಮೆಟ್ಟಿಲು. ತಾರ ಷಡ್ಜಕ್ಕೆ ನಾಲ್ಕು ಪಟ್ಟು ತೂಕ ಬೇಕು ಎಂದು ಆತ ತೋರಿಸಿಕೊಟ್ಟ. ಅವನ ಮಗನೇ ಗೆಲಿಲಿಯೋ. 1636ರಲ್ಲಿ ಫ್ರಾನ್ಸಿನ ಪಾದ್ರಿ ಮೆರ್ಸೆನ್ ತಂತಿಯ ಉದ್ದ, ಬಿಗಿ, ದಪ್ಪ ಎಲ್ಲವನ್ನೂ ಸೇರಿಸಿ ನಿಯಮವಾಗಿ ಬರೆದಿಟ್ಟ.

ಹಾಗಾದರೆ ಎರಡು ಪಟ್ಟು ತೂಕ ಕಟ್ಟಿದರೆ ಬರುವ ಸ್ವರ ಯಾವುದು? ಎರಡರ ವರ್ಗಮೂಲ, 1.414 ಪಟ್ಟು. ಅಂದರೆ ಷಡ್ಜಕ್ಕೂ ತಾರ ಷಡ್ಜಕ್ಕೂ ನಟ್ಟನಡುವಿನ ಸ್ವರಸ್ಥಾನ. ನಮ್ಮ ಪ್ರತಿಮಧ್ಯಮ! ಪಾಶ್ಚಾತ್ಯರಲ್ಲಿ ಈ ಅಂತರಕ್ಕೆ ‘ಸಂಗೀತದೊಳಗಿನ ಸೈತಾನ’ ಎಂಬ ಹೆಸರಿದೆ. ಐಯೋಮಿಯ ತಂಡ ಬ್ಲ್ಯಾಕ್ ಸಬ್ಬತ್ 1970ರಲ್ಲಿ ತನ್ನದೇ ಹೆಸರಿನ ಹಾಡನ್ನು ಶುರು ಮಾಡಿದ್ದು ಇದೇ ಅಂತರದಿಂದ. ಕೆಳಗಿನ ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಜಾರಿ ಪ್ರತಿಮಧ್ಯಮ. ಮೂರೇ ಸ್ವರ. ಕೇಳಿದವರ ಮೈ ಜುಮ್ಮೆಂದಿತು. ಮಧ್ಯಯುಗದಲ್ಲಿ ಚರ್ಚು ಈ ಸ್ವರಾಂತರವನ್ನು ನಿಷೇಧಿಸಿತ್ತು ಎಂಬ ಕಥೆಯೂ ಅದರ ಜೊತೆ ಹರಡಿತು. ಅಂಥ ನಿಷೇಧಕ್ಕೆ ಆಧಾರವಿಲ್ಲ. ಹಾಡಲು ಕಷ್ಟ, ಸಂಯೋಜನೆಯಲ್ಲಿ ತಪ್ಪಿಸಿ ಎಂದು ಗುರುಗಳು ಶಿಷ್ಯರಿಗೆ ಹೇಳುತ್ತಿದ್ದರು, ಅಷ್ಟೆ. ನಮ್ಮ 72 ಮೇಳಕರ್ತ ರಾಗಗಳಲ್ಲಿ ಸರಿಯಾಗಿ ಅರ್ಧ, 36, ಪ್ರತಿಮಧ್ಯಮದವು. ಕಲ್ಯಾಣಿಯನ್ನು ಮದುವೆ ಮನೆಯಲ್ಲಿ ಊದಿಸುತ್ತೇವೆ. ಅಲ್ಲಿ ಯಾವ ಸೈತಾನನೂ ಬಂದದ್ದಿಲ್ಲ. ಭಯ ಹುಟ್ಟುವುದು ಸ್ವರದ ಸುತ್ತ ಏನನ್ನು ಕಟ್ಟಿದ್ದಾರೆ ಎಂಬುದರಿಂದ: ನಿಧಾನ ಲಯ, ಮಂದ್ರ ಸ್ಥಾಯಿ, ಹಿನ್ನೆಲೆಯಲ್ಲಿ ಮಳೆ ಮತ್ತು ಗಂಟೆಯ ಸದ್ದು.

ಗಿಟಾರಿನ ಲೋಕದಲ್ಲಿ ಸೈತಾನನಿಗೆ ಸಿಕ್ಕಷ್ಟು ಹೊಗಳಿಕೆ ಅಭ್ಯಾಸಕ್ಕೆ ಸಿಕ್ಕಿಲ್ಲ. 1936 ಮತ್ತು 1937ರಲ್ಲಿ 29 ಹಾಡು ರೆಕಾರ್ಡ್ ಮಾಡಿ, 1938ರಲ್ಲಿ ತೀರಿಕೊಂಡ ಅಮೆರಿಕದ ಬ್ಲೂಸ್ ವಾದಕ ರಾಬರ್ಟ್ ಜಾನ್ಸನ್ ನಾಲ್ಕು ದಾರಿ ಕೂಡುವಲ್ಲಿ ಸೈತಾನನಿಗೆ ಆತ್ಮ ಮಾರಿ ಗಿಟಾರ್ ಕಲಿತ ಎಂದು ಈಗಲೂ ಹೇಳುತ್ತಾರೆ. ಅದೇ ಕಥೆಯನ್ನು ಅದಕ್ಕೂ ಮುಂಚಿನ ಟಾಮಿ ಜಾನ್ಸನ್ ಎಂಬ ಬೇರೆ ವಾದಕನ ಬಗ್ಗೆ ಹೇಳುತ್ತಿದ್ದರು. ರಾಬರ್ಟ್ ಕಲಿತದ್ದು ಐಕ್ ಜಿಮರ್‌ಮನ್ ಎಂಬ ಗುರುವಿನ ಹತ್ತಿರ. ಯಾರಿಗೂ ತೊಂದರೆಯಾಗದಿರಲಿ ಎಂದು ಇಬ್ಬರೂ ರಾತ್ರಿ ಸ್ಮಶಾನದಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದರು. ದೆವ್ವದ ಕಥೆ ಹುಟ್ಟಲು ಇಷ್ಟು ಸಾಕಲ್ಲ!

ಮತ್ತೆ ಐಯೋಮಿಗೆ ಬರೋಣ. ತೆಳ್ಳನೆಯ, ಸಡಿಲ ತಂತಿಯಿಂದ ಆ ಭಾರ ಎಲ್ಲಿಂದ ಬಂತು? ಆಂಪ್ಲಿಫೈಯರಿನಿಂದ. ಹೆವಿ ಮೆಟಲ್‌ನ ಪವರ್ ಕಾರ್ಡ್ ಅಂದರೆ ಸ ಮತ್ತು ಪ ಎರಡೇ ಸ್ವರ, ನಮ್ಮ ತಂಬೂರಿಯಲ್ಲಿರುವಂತೆ. ಅವುಗಳ ಪ್ರಮಾಣ 2ಕ್ಕೆ 3. ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ದುಡಿಸಿದಾಗ ಅಲೆಯ ತುದಿಗಳು ಕತ್ತರಿಸಿಹೋಗುತ್ತವೆ. ಹೀಗೆ ಕತ್ತರಿಸಿದ ಅಲೆಯಲ್ಲಿ ಎರಡೂ ಸ್ವರಗಳು ಒಂದಕ್ಕೊಂದು ಬೆರೆತು, ಮೂಲದಲ್ಲಿ ಇಲ್ಲದ ಹೊಸ ಸ್ವರಗಳು ಹುಟ್ಟುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಎರಡರ ವ್ಯತ್ಯಾಸ. 3ರಿಂದ 2 ಕಳೆದರೆ 1. ಅಂದರೆ ನುಡಿಸಿದ ಷಡ್ಜಕ್ಕಿಂತ ಒಂದು ಸ್ಥಾಯಿ ಕೆಳಗಿನ ಷಡ್ಜ! ಗಿಟಾರಿನ ಅತಿ ಕೆಳಗಿನ ತಂತಿಯ 82 ಹರ್ಟ್ಸ್ ಮತ್ತು ಅದರ ಪಂಚಮವನ್ನು ಒಟ್ಟಿಗೆ ಮೀಟಿದರೆ 41 ಹರ್ಟ್ಸಿನ ಸ್ವರವೊಂದು ಎದ್ದು ಬರುತ್ತದೆ. ಅದು ಬೇಸ್ ಗಿಟಾರಿನ ಅತಿ ಕೆಳಗಿನ ತಂತಿಯ ಸ್ವರ. ಗಿಟಾರಿನಲ್ಲಿ ಅದನ್ನು ನುಡಿಸುವ ತಂತಿಯೇ ಇಲ್ಲ. ಐಯೋಮಿ ಶ್ರುತಿ ಇಳಿಸಿದಾಗ ಆ ಸ್ವರ 35 ಹರ್ಟ್ಸಿನ ಹತ್ತಿರ ಬಂತು. ಕಿವಿಗಿಂತ ಹೆಚ್ಚಾಗಿ ಎದೆಗೆ ತಾಗುವ ಸದ್ದು ಅದು. ಇದರಲ್ಲಿ ತಂತಿಯ ದಪ್ಪದ ಪಾತ್ರ ತೀರಾ ಸಣ್ಣದು. ಇನ್ನೊಂದು ಮಾತು: ಆಂಪ್ಲಿಫೈಯರಿಗೆ ಮೊದಲು ಅವರು ಇಡುತ್ತಿದ್ದ ಪೆಟ್ಟಿಗೆ ಟ್ರೆಬಲ್ ಬೂಸ್ಟರ್, ಅಂದರೆ ಮೇಲಿನ ಸ್ವರಗಳನ್ನು ಹೆಚ್ಚಿಸುವ ಸಾಧನ!

ಇನ್ನು ಒತ್ತಿ ಹಿಡಿದ ತಂತಿಯನ್ನು ಅಡ್ಡಕ್ಕೆ ಎಳೆಯುವುದು. ನನಗೆ ಅಮೆರಿಕದ ಬ್ಲೂಸ್ ವಾದಕ ಬಿ.ಬಿ. ಕಿಂಗ್ ಇಷ್ಟವಾಗುವುದು ಇದಕ್ಕೇ. ಅವರ ನೆಂಟ ಬುಕಾ ವೈಟ್ ತಂತಿಯ ಮೇಲೆ ಸ್ಲೈಡ್ ಎಂಬ ನುಣುಪಾದ ಕೊಳವೆ ಜಾರಿಸಿ ನುಡಿಸುತ್ತಿದ್ದ. ಕಿಂಗ್‌ಗೆ ಅದು ಒಲಿಯಲಿಲ್ಲ. ಆ ಅಳು ದನಿಯನ್ನು ಬರೀ ಬೆರಳಲ್ಲಿ ತರಲು ಹೋಗಿ, ಮಣಿಕಟ್ಟನ್ನೇ ಅಲುಗಿಸುವ ತಮ್ಮದೇ ಕಂಪನ ಕಂಡುಕೊಂಡರು. ಒಂದು ಸ್ವರ ಹಿಡಿದರೆ ಸಾಕು, ಇದು ಕಿಂಗ್ ಎಂದು ಗೊತ್ತಾಗುತ್ತದೆ. ಸ್ಲೈಡ್ ಸ್ವರದ ಎರಡೂ ಬದಿಗೆ ಓಲಾಡಬಲ್ಲದು. ಫ್ರೆಟ್ ಮೇಲೆ ಎಳೆದ ತಂತಿಯ ಸ್ವರ ಮೇಲಕ್ಕೆ ಮಾತ್ರ ಹೋಗುತ್ತದೆ, ಏಕೆಂದರೆ ಎಳೆದಾಗ ಬಿಗಿ ಹೆಚ್ಚುವುದೇ ಹೊರತು ತಗ್ಗುವುದಿಲ್ಲ. ಕಿಂಗ್ ಅವರ ದನಿ ಸದಾ ಮೇಲಕ್ಕೆ ತವಕಿಸುವಂತೆ ಕೇಳುವುದರ ಹಿಂದೆ ಇದೂ ಇದೆ.

ಷಡ್ಜದಿಂದ ಚತುಶ್ರುತಿ ರಿಷಭಕ್ಕೆ ಎಳೆಯಬೇಕಾದರೆ ಬಿಗಿ ಶೇ. 26ರಷ್ಟು ಹೆಚ್ಚಬೇಕು. ಅಷ್ಟು ಬಿಗಿ ಬರಲು ಉಕ್ಕಿನ ತಂತಿ ಹಿಗ್ಗಬೇಕಾದ್ದು ಎಷ್ಟು ಗೊತ್ತೇ? ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು! ಬಟ್ಟೆ ಒಣಗಿಸುವ ಹಗ್ಗ ಬಿಗಿದಿದ್ದರೂ ನಡುವೆ ಒದ್ದೆ ಸೀರೆ ಹಾಕಿದರೆ ಗೇಣುದ್ದ ಜಗ್ಗುತ್ತದೆ, ಹಗ್ಗ ಮಾತ್ರ ಉದ್ದವಾಗಿರುವುದು ಸ್ವಲ್ಪವೇ. ತಂತಿಯಲ್ಲೂ ಹಾಗೇ. ಒಂದು ಮಿಲಿಮೀಟರ್ ಹಿಗ್ಗಿಸಲು ಬೆರಳು ಅಡ್ಡಕ್ಕೆ ಒಂದೂವರೆ ಎರಡು ಸೆಂಟಿಮೀಟರ್ ಸರಿಯಬೇಕು. ಬೆರಳಿಗೆ ಇಷ್ಟು ಜಾಗ ಸಿಗುವುದರಿಂದಲೇ ಕಿಂಗ್‌ಗೆ ಸ್ವರದೊಳಗಿನ ಸಣ್ಣ ಸಣ್ಣ ಮೆಟ್ಟಿಲುಗಳು ಕೈಗೆಟುಕಿದವು.

ನಮ್ಮ ವೀಣೆಯವರಿಗೆ ಇದು ಹೊಸತಲ್ಲ. ಒಂದೇ ಮೆಟ್ಟಿಲಿನ ಮೇಲೆ ತಂತಿ ಎಳೆದು ಎರಡು ಮೂರು ಸ್ವರ ಮೇಲಕ್ಕೆ ಹೋಗುತ್ತಾರೆ. ಮೈಸೂರು ಶೈಲಿಯಲ್ಲಿ ಮೀಟಿಗೆ ಒತ್ತು ಜಾಸ್ತಿ, ತಂಜಾವೂರಿನಲ್ಲಿ ಎಳೆತಕ್ಕೆ. ಮೇಣದಲ್ಲಿ ಎತ್ತರಕ್ಕೆ ಕೂರಿಸಿದ ಮೆಟ್ಟಿಲುಗಳ ನಡುವೆ ಬೆರಳಿಗೆ ಮರ ತಾಗುವುದಿಲ್ಲ, ಹಾಗಾಗಿ ಉಜ್ಜಾಟವೂ ಕಡಿಮೆ. ಇದನ್ನು ಗಿಟಾರಿಗೆ ತಂದವರು ಜಾನ್ ಮೆಕ್‌ಲಾಫ್ಲಿನ್. ಎಸ್. ರಾಮನಾಥನ್ ಅವರ ಬಳಿ ವೀಣೆಯ ಪಾಠ ಹೇಳಿಸಿಕೊಂಡ ಇಂಗ್ಲಿಷ್ ವಾದಕ. 1970ರ ದಶಕದಲ್ಲಿ ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಂ ಜೊತೆ ಶಕ್ತಿ ತಂಡ ಕಟ್ಟಿದಾಗ, ಫ್ರೆಟ್‌ಗಳ ನಡುವಿನ ಮರವನ್ನು ಹಳ್ಳವಾಗಿ ಕೆತ್ತಿದ ಗಿಟಾರ್ ಮಾಡಿಸಿಕೊಂಡರು. ಅಡ್ಡಡ್ಡಲಾಗಿ ತಂಬೂರಿಯಂಥ ತಂತಿಗಳೂ ಅದರಲ್ಲಿದ್ದವು. ಗಮಕಕ್ಕೆ ಹತ್ತಿರವಾದ ಎಳೆತ ಅದರಲ್ಲಿ ಸಿಕ್ಕಿತು.

ಜಿಮಿ ಹೆಂಡ್ರಿಕ್ಸ್ ಬಗ್ಗೆಯೂ ಒಂದು ಮಾತು. ಬಲಗೈಯವರ ಗಿಟಾರನ್ನು ತಲೆಕೆಳಗು ಮಾಡಿ, ತಂತಿ ಬದಲಿಸಿ ಎಡಗೈಯಲ್ಲಿ ನುಡಿಸಿದವರು ಅವರು. ಬಿರಡೆಗಳ ಸಾಲು ತಿರುಗಿದ್ದರಿಂದ ತಂತಿಯ ಬಿಗಿ ಬದಲಾಯಿತು ಎನ್ನುತ್ತಾರೆ. ಅದೇ ಶ್ರುತಿ, ಅದೇ ತಂತಿ, ಅದೇ ಉದ್ದವಾದರೆ ಬಿಗಿಯೂ ಅದೇ. ಬದಲಾದದ್ದು ಬಿರಡೆಯವರೆಗಿನ ಹೆಚ್ಚುವರಿ ತುಂಡು. ತೆಳ್ಳನೆಯ ತಂತಿಯಲ್ಲಿ ಆ ತುಂಡು ಚಿಕ್ಕದಾಯಿತು, ಹಾಗಾಗಿ ಎಳೆದಾಗ ಸ್ವರ ತುಸು ಬೇಗ ಏರಿತು.

ಹಾಗಾದರೆ ದಪ್ಪ ತಂತಿಯಿಂದ ಪ್ರಯೋಜನವೇ ಇಲ್ಲವೇ? ಇದೆ. ಟೆಕ್ಸಸ್‌ನ ಸ್ಟೀವಿ ರೇ ವಾನ್ 13ರ ತಂತಿ ಹಾಕಿ, ಒಂದು ಸ್ವರಸ್ಥಾನ ಇಳಿಸಿ ನುಡಿಸುತ್ತಿದ್ದರು. ಆ ಇಳಿಕೆಯ ಮೇಲೂ 11 ಕೆಜಿ ಬಿಗಿ. ಬೆರಳ ತುದಿ ಕಿತ್ತುಬಂದಾಗ ಅಂಟು ಹಾಕಿ ಮತ್ತೆ ನುಡಿಸಿದವರು. ಅವರ ಬಲಗೈ ತಂತಿಯನ್ನು ಬಾರಿಸುವ ರೀತಿಯೇ ಬೇರೆ. ಅಂಥ ಹೊಡೆತಕ್ಕೆ ತೆಳ್ಳನೆಯ ತಂತಿ ವಿಪರೀತ ಓಲಾಡುತ್ತದೆ. ಜಾಸ್ತಿ ಓಲಾಡಿದರೆ ಹಿಗ್ಗುತ್ತದೆ, ಹಿಗ್ಗಿದರೆ ಕ್ಷಣಕಾಲ ಸ್ವರ ಮೇಲೇರಿ ಅಪಸ್ವರವಾಗುತ್ತದೆ. ದಪ್ಪ ತಂತಿ ಅದೇ ಹೊಡೆತಕ್ಕೆ ಕಡಿಮೆ ಓಲಾಡಿ ಶ್ರುತಿಯಲ್ಲೇ ನಿಲ್ಲುತ್ತದೆ. ಮೃದುವಾಗಿ ಮೀಟುವವರಿಗೆ ಈ ಲಾಭ ಸಿಗುವುದಿಲ್ಲ, ಬೆರಳು ನೋವು ಮಾತ್ರ ಸಿಗುತ್ತದೆ. ಅದೇ ಟೆಕ್ಸಸ್‌ನ ಬಿಲ್ಲಿ ಗಿಬ್ಬನ್ಸ್ ಮೊದಲು ದಪ್ಪ ತಂತಿಯವರೇ. ಇಷ್ಟು ಕಷ್ಟ ಯಾಕೆ ಪಡುತ್ತೀಯಾ ಎಂದು ಬಿ.ಬಿ. ಕಿಂಗ್ ಕೇಳಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಆಮೇಲೆ ಅವರು ಇಳಿದು ಇಳಿದು ‘ಸೆವೆನ್ಸ್’ಗೆ ಬಂದರು.