‘ರಫಿಂಗ್ ಇಟ್’ ಟಿಪ್ಪಣಿ: ಇಲ್ಲಿ ಮಾತಾಡುತ್ತಿರುವುದು ಯಾವ ‘ನಾನು’?

ಅಮೆರಿಕದ ಲೇಖಕ ಮಾರ್ಕ್ ಟ್ವೇನ್‌ನ ಪ್ರವಾಸಕಥನ ‘ರಫಿಂಗ್ ಇಟ್’ ಅಚ್ಚಾದದ್ದು 1872ರಲ್ಲಿ; ಅದರ ಪ್ರಯಾಣ ಶುರುವಾದದ್ದು 1861ರಲ್ಲಿ. ಅಣ್ಣ ಓರಿಯನ್‌ಗೆ ನೆವಾಡಾ ಪ್ರಾಂತ್ಯದ ಕಾರ್ಯದರ್ಶಿ ಹುದ್ದೆ ಸಿಕ್ಕಿತು, ತಮ್ಮನೂ ಜೊತೆಗೆ ಹೊರಟ. ಮಿಸೌರಿಯ ಸೇಂಟ್ ಜೋಸೆಫ್‌ನಿಂದ ಕಾರ್ಸನ್ ಸಿಟಿಗೆ ಕುದುರೆ ಕೋಚು, ತಲಾ 150 ಡಾಲರ್. ಹಿನ್ನೆಲೆ ಇಷ್ಟು ಸಾಕು. ನಡುವಿನ 11 ವರ್ಷ ಮಾತ್ರ ಮರೆಯಬೇಡಿ.

ಯಾಕೆಂದರೆ ಪುಸ್ತಕದಲ್ಲಿ ‘ನಾನು’ ಇಬ್ಬರು. ಒಬ್ಬ ಯಾರು ಏನು ಹೇಳಿದರೂ ನಂಬುವ 25ರ ಹುಡುಗ. ಇನ್ನೊಬ್ಬ, ಪೆಟ್ಟೆಲ್ಲ ತಿಂದಾದ ಮೇಲೆ ಬರೆಯಲು ಕೂತವನು. ಒಬ್ಬನೇ ಅಂದುಕೊಂಡು ಓದಿದರೆ ‘ಇವನೆಂಥ ಪೆದ್ದ’ ಅನ್ನಿಸುತ್ತದೆ, ನಗು ಬರುವುದಿಲ್ಲ.

24ನೇ ಅಧ್ಯಾಯದ ಕುದುರೆ ಹರಾಜನ್ನು ನಿಧಾನವಾಗಿ ಓದಿ. ಪರಿಚಯವಿಲ್ಲದ ಒಬ್ಬ ಹತ್ತಿರ ಬಂದು, ಇದು ಅಪ್ಪಟ ಮೆಕ್ಸಿಕನ್ ಪ್ಲಗ್ ಎಂದು ಕುದುರೆಯನ್ನು ಹೊಗಳುತ್ತಾನೆ. ‘ಪರಿಚಯವಿಲ್ಲದ’ ಅನ್ನುವವನು 1861ರ ಹುಡುಗ. ಅದೇ ವಾಕ್ಯದ ಆವರಣದೊಳಗೆ, ಅವನು ಹರಾಜು ಕೂಗುವವನ ತಮ್ಮನೋ ಅಣ್ಣನೋ ಎಂದು ಆಮೇಲೆ ತಿಳಿಯಿತು ಅನ್ನುವವನು 1872ರ ಲೇಖಕ. ಮೋಸ ನಮಗೆ ಗೊತ್ತಾಯಿತು, ಹುಡುಗನಿಗೆ ಇನ್ನೂ ಇಲ್ಲ. ಪ್ಲಗ್ ಎಂದರೆ ಏನೆಂದು ಸಹ ತಿಳಿಯದೆ (ಅಲ್ಲಿನ ಆಡುಮಾತಿನಲ್ಲಿ ಕೆಲಸಕ್ಕೆ ಬಾರದ ಕುದುರೆ!) 27 ಡಾಲರ್ ಕೂಗಿಬಿಡುತ್ತಾನೆ. ನಗು ಹುಟ್ಟುವುದು ಈ ಅಂತರದಲ್ಲಿ. ಕುದುರೆ ಅವನನ್ನು ಎತ್ತಿ ಒಗೆಯುವುದು ಬರೀ ಬಡ್ಡಿ.

ನನ್ನ ಸುಲಭದ ದಾರಿ: ‘ಗೊತ್ತಿರಲಿಲ್ಲ’ ಎಂದು ಬಂದಲ್ಲೆಲ್ಲ ಅಂಚಿನಲ್ಲಿ ಪೆನ್ಸಿಲ್‌ನಿಂದ 61 ಎಂದು ಬರೆಯಿರಿ, ಪಕ್ಕದ ಚುಚ್ಚುಮಾತಿಗೆ 72. 2ನೇ ಅಧ್ಯಾಯದಲ್ಲೇ ಪರೀಕ್ಷಿಸಬಹುದು. ತಲಾ 25 ಪೌಂಡಿನ ಲಗೇಜಿನಲ್ಲಿ 6 ಪೌಂಡಿನ ನಿಘಂಟನ್ನೂ ತುರುಕಿಕೊಂಡಿದ್ದಾರೆ, ಅದು ಸ್ಯಾನ್ ಫ್ರಾನ್ಸಿಸ್ಕೋದಿಂದ ಮರುದಿನವೇ ಸಿಗುತ್ತದೆಂದು ತಿಳಿಯದೆ. ಆ ನಿಘಂಟು 4ನೇ ಅಧ್ಯಾಯದಲ್ಲಿ ಕೋಚಿನೊಳಗೆ ಉರುಳಾಡಿ ಎಲ್ಲರಿಗೂ ಬಡಿಯುತ್ತದೆ.

ಓದುಗರು ಬೀಳುವ ಇನ್ನೊಂದು ಗುಂಡಿ: ದೊಡ್ಡ ಅಂಕಿ ಕಂಡ ಕೂಡಲೇ ‘ಬುರುಡೆ’ ಎಂದು ಬರೆಯುವುದು. ಆ ಕುದುರೆಯ ಆರು ವಾರದ ಲಾಯದ ಬಿಲ್ಲು: ಜಾಗಕ್ಕೆ 15 ಡಾಲರ್, ಹುಲ್ಲಿಗೆ 250. ಓದುಗ ನಂಬಲಾರ ಎಂದು ತಿಳಿದೇ ಟ್ವೇನ್ ಗಂಭೀರವಾಗಿ ಸೇರಿಸುತ್ತಾನೆ: ಆಗ ಹುಲ್ಲಿನ ದರ ಟನ್ನಿಗೆ ನಿಜವಾಗಿಯೂ 250 ಡಾಲರ್ ಇತ್ತು.

ಬುರುಡೆ ಬೇಕಿದ್ದರೆ 7ನೇ ಅಧ್ಯಾಯದಲ್ಲಿ ಸಹಪ್ರಯಾಣಿಕ ಬೆಮಿಸ್ ಇದ್ದಾನೆ. ಅಟ್ಟಿಸಿಕೊಂಡು ಬಂದ ಕಾಡುಕೋಣ ತನ್ನ ಹಿಂದೆ ಮರ ಹತ್ತಿತಂತೆ, ಅದರ ಕೊರಳಿಗೆ ಹಗ್ಗದ ಕುಣಿಕೆ ಹಾಕಿದನಂತೆ! ಸಾಕ್ಷಿ ಕೇಳಿದರೆ ತಿರುಗಿ ಅವನೇ ಕೇಳುತ್ತಾನೆ: ನನ್ನ ಹಗ್ಗ ವಾಪಸ್ ತಂದೆನೆ? ಇಲ್ಲ. ಕುದುರೆ? ಇಲ್ಲ. ಆ ಕೋಣವನ್ನು ಮತ್ತೆ ನೋಡಿದಿರಾ? ಇಲ್ಲ. ಮತ್ತಿನ್ನೇನು ಬೇಕು! ಇಲ್ಲಿ 61, 72 ಗುರುತು ಕೆಲಸಕ್ಕೆ ಬಾರದು; ಕಥೆ ಹೇಳುವವನೇ ಬೇರೆ.